ಮಲಗಿದ ಯಂತ್ರ ಏಳದಿದ್ದರೆ...

ಬರೆಯದೆ ಮೂರು ತಿಂಗಳಾಯಿತು. ಮಾರ್ಚ್ ಬಂತು, ಆಡಿಟ್ ಬಂತು, ನಡುವೆ ಊರಿಗೆ ಹೋಗಿ ಬಂದದ್ದೂ ಆಯಿತು. ಮೊನ್ನೆ ಕಪಾಟು ಒತ್ತರ ಮಾಡುವಾಗ ಒಂದು ಹಳೆಯ ನೂರು ಪುಟದ ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ತಾರೀಕು, ವೇಳೆ, ಅದರ ಮುಂದೆ 'ಎದ್ದಿತು', 'ಏಳಲಿಲ್ಲ' ಎಂದು ಎರಡು ಪುಟ ಬರೆದಿಟ್ಟಿದ್ದೇನೆ. ಹೊಸಬರು ನೋಡಿದರೆ ಯಾರೋ ಕಾಯಿಲೆಯವರ ಲೆಕ್ಕ ಅಂದುಕೊಂಡಾರು. ಅದು ನನ್ನ ಲ್ಯಾಪ್‌ಟಾಪಿನ ಲೆಕ್ಕ. ಆ ಎರಡು ಪುಟದ ಹಿಂದೆ ಬಿದ್ದು ನಾನು ಓದಿಕೊಂಡ ಒಂದು ಇತಿಹಾಸವಿದೆ. ಅದನ್ನು ನಿಮಗೆ ಹೇಳಬೇಕೆನಿಸಿತು. ನಾನು ಬಿ.ಕಾಂ. ಓದಿದವ, ಎಂಜಿನಿಯರ್ ಅಲ್ಲ. ಆದ್ದರಿಂದ ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ.

2019ರ ಮಳೆಗಾಲ. ಇಲ್ಲಿ ಠಾಣೆಯಲ್ಲಿ ನಾವು ಕೆಲವರು ನಡೆಸುವ ಒಂದು ಸಣ್ಣ ಕನ್ನಡ ವಾಚನಾಲಯಕ್ಕೆ ನಾನೇ ಖಜಾಂಚಿ. ಸದಸ್ಯರ ಪಟ್ಟಿ, ಚಂದಾ, ಪುಸ್ತಕದ ಲೆಕ್ಕ ಎಲ್ಲ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿದ್ದ ವಿಂಡೋಸ್ ತೀರಾ ನಿಧಾನವಾಗಿತ್ತು ಎಂದು ನನ್ನ ಅಕ್ಕನ ಮಗ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದ. ಅವನು ವಾಗ್ಳೆ ಎಸ್ಟೇಟಿನ ಒಂದು ಐಟಿ ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ವರ್ಷದ ಮಹಾಸಭೆಗೆ ಇಪ್ಪತ್ತು ದಿನ ಇರುವಾಗ ಲ್ಯಾಪ್‌ಟಾಪ್ ಹಟ ಹಿಡಿಯಿತು. ಬಟನ್ ಒತ್ತಿದರೆ ನಾಲ್ಕು ಸಾಲು ಅಕ್ಷರ ಬರುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಯಂತ್ರ ಮಾತ್ರ ಸ್ತಬ್ಧ. ಬಟನ್ ಅದುಮಿ ಹಿಡಿದು ಆರಿಸಿ ಮತ್ತೆ ಹಚ್ಚಿದರೆ ಕೆಲವೊಮ್ಮೆ ಸರಿಯಾಗಿ ಬರುತ್ತದೆ. ಹೀಗೆ ಅದುಮಿ ಆರಿಸುವುದು ಒಳ್ಳೆಯದಲ್ಲ, ಫೈಲು ಹಾಳಾದರೆ ಸಭೆಯಲ್ಲಿ ನಾನು ಏನು ಓದಲಿ?

ಬ್ಯಾಂಕಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಲೆಕ್ಕ ತಾಳೆಯಾಗದಿದ್ದರೆ ಗಾಬರಿಯಾಗಬೇಡ, ಬರೆದಿಡು. ಹಾಗೆ ಶುರುವಾದದ್ದು ಆ ನೋಟ್‌ಬುಕ್. ಮೂರನೆಯ ದಿನ ಸಂಜೆ ಮಳೆಗೆ ಕರೆಂಟು ಹೋಯಿತು. ಅದಾದ ಮೇಲೆ ಐದು ಸಲ ಹಚ್ಚಿದೆ, ಐದು ಸಲವೂ ಏಳಲಿಲ್ಲ. ಕರೆಂಟು ಬಂತು, ಚಾರ್ಜರ್ ಸಿಕ್ಕಿಸಿದೆ, ಎದ್ದಿತು! ನೋಟ್‌ಬುಕ್ಕಿನಲ್ಲಿ 'ಚಾರ್ಜರ್' ಎಂದು ಇನ್ನೊಂದು ಕಾಲಂ ಎಳೆದೆ. ಎರಡು ದಿನದಲ್ಲಿ ಲೆಕ್ಕ ಸ್ಪಷ್ಟವಾಯಿತು. ಚಾರ್ಜರ್ ಇದ್ದಾಗಲೆಲ್ಲ 'ಎದ್ದಿತು', ಬ್ಯಾಟರಿ ಮೇಲೆ ಇದ್ದಾಗ ಹೆಚ್ಚುಕಡಿಮೆ ಎಲ್ಲ ಸಲವೂ 'ಏಳಲಿಲ್ಲ'.

ಭಾನುವಾರ ಅಕ್ಕನ ಮಗ ಬಂದಾಗ ಪುಟ ತೋರಿಸಿದೆ. ಬ್ಯಾಟರಿ ಸತ್ತಿರಬೇಕು ಎಂದು ನನ್ನ ತೀರ್ಪು. ಅವನು ನಕ್ಕ.

"ಮಾವ, ಬ್ಯಾಟರಿ ಸತ್ತಿದ್ದರೆ ಯಂತ್ರ ಆರಿ ಹೋಗುತ್ತಿತ್ತು. ಇದು ಆರಿಲ್ಲ, ಮಲಗಿದೆ. ಮಲಗಿದ್ದು ಏಳುತ್ತಾ ಇಲ್ಲ."

"ಹಚ್ಚುವಾಗಲೇ ಮಲಗುವುದಾ? ಅದೇನು ಕುಂಭಕರ್ಣನಾ?"

"ಹಚ್ಚುವಾಗಲೂ ಮಲಗುತ್ತದೆ ಮಾವ. ಸಾವಿರಾರು ಸಲ ಮಲಗುತ್ತದೆ."

ಆಗ ಅವನು ವಿವರಿಸಿದ್ದು ಇಷ್ಟು. ಪ್ರೊಸೆಸರ್ ಡಿಸ್ಕಿಗೆ 'ಈ ಪುಟ ತಾ' ಎಂದು ಹೇಳುತ್ತದೆ. ಡಿಸ್ಕ್ ಅದನ್ನು ತರುವ ತನಕ ಪ್ರೊಸೆಸರಿಗೆ ಬೇರೆ ಕೆಲಸ ಇರುವುದಿಲ್ಲ. ಆ ಕ್ಷಣಾರ್ಧದಲ್ಲೂ ಅದು ಕರೆಂಟು ಉಳಿಸಲು ನಿದ್ದೆಗೆ ಜಾರುತ್ತದೆ. ಡಿಸ್ಕ್ 'ತಂದೆ' ಎಂದು ಕೂಗಿದಾಗ ಎದ್ದು ಮುಂದಿನ ಕೆಲಸ ಹಿಡಿಯುತ್ತದೆ. ಆ ಕೂಗಿಗೆ ಇಂಟರಪ್ಟ್ ಎಂದು ಹೆಸರು. ಎಷ್ಟು ಆಳವಾಗಿ ಮಲಗಬಹುದು ಎನ್ನುವುದಕ್ಕೆ ಮೆಟ್ಟಿಲುಗಳಿವೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಚಾರ್ಜರ್ ಇದ್ದಾಗ ಮೇಲಿನ ಮೆಟ್ಟಿಲು ಮಾತ್ರ, ಬ್ಯಾಟರಿ ಮೇಲೆ ಇದ್ದಾಗ ಕೆಳಗಿನ ಮೆಟ್ಟಿಲಿಗೂ ಪರವಾನಗಿ. ನನ್ನ ಯಂತ್ರ ಆ ಕೆಳಗಿನ ಮೆಟ್ಟಿಲಿಗೆ ಇಳಿದು ಮೇಲೆ ಬರುತ್ತಿರಲಿಲ್ಲ!

ಅವನು ಹೇಳಿದ್ದು ಕೇಳುವಾಗ ನನಗೆ ನೆನಪಾದದ್ದು ವಾಗ್ಳೆ ಎಸ್ಟೇಟಿನ ಭೋಂಗಾ.

ಈಗಿನ ಹುಡುಗರಿಗೆ ಆ ಜಾಗ ಗಾಜಿನ ಕಟ್ಟಡಗಳ ಐಟಿ ಪಾರ್ಕು. ನಾವು ಬಂದಾಗ ಅದು ಕಾರ್ಖಾನೆಗಳ ಊರು. ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ನಾವೆಲ್ಲ ಎಂ.ಐ.ಡಿ.ಸಿ. ಎನ್ನುವುದು, 1962ರ ಆಗಸ್ಟ್ 1ರಂದು ಹುಟ್ಟಿದ್ದೇ ಅಲ್ಲಿ. ಯಶವಂತರಾವ್ ಚವಾಣರು ಮುಖ್ಯಮಂತ್ರಿಯಾಗಿದ್ದಾಗ ಸಮಾರಂಭ ವಾಗ್ಳೆ ಎಸ್ಟೇಟಿನಲ್ಲೇ ನಡೆಯಿತು. ಎಂಜಿನಿಯರಿಂಗ್, ಔಷಧಿ, ಬಣ್ಣ, ಬಿಡಿಭಾಗ, ಹೀಗೆ ರಸ್ತೆಗೆ ನಂಬರು ಹಾಕಿ ಸಾಲು ಸಾಲು ಶೆಡ್ಡುಗಳು.

ತೊಂಬತ್ತರ ದಶಕದ ಆರಂಭದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಕುಮಟೆಯಿಂದ ಬಂದ ನಾನು ಕಿಸನ್ ನಗರದಲ್ಲಿ ನಾಲ್ಕು ಜನರ ಜೊತೆ ಒಂದು ಖೋಲಿಯಲ್ಲಿದ್ದೆ. ಒಬ್ಬ ಕುಂದಾಪುರದವ ಹೋಟೆಲಿನಲ್ಲಿ, ಒಬ್ಬ ವಿಜಯಪುರದ ಕಡೆಯವ ಎಸ್ಟೇಟಿನ ಕಾರ್ಖಾನೆಯಲ್ಲಿ. ನಮ್ಮ ಖೋಲಿಯಲ್ಲಿ ಗಡಿಯಾರಕ್ಕೆ ಕೆಲಸವೇ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಒಂದು ಕಾರ್ಖಾನೆಯ ಭೋಂಗಾ ಕೂಗಿದರೆ ಇಡೀ ಚಾಳು ಎದ್ದು ನೀರಿನ ಸಾಲಿಗೆ ನಿಲ್ಲುತ್ತಿತ್ತು. ಒಂದು ದಿನ ಆ ಕಾರ್ಖಾನೆ ಬಾಗಿಲು ಹಾಕಿತು. ಮರುದಿನ ನಾವು ನಾಲ್ವರೂ ಏಳಲಿಲ್ಲ. ನಾನು ಲೋಕಲ್ ತಪ್ಪಿಸಿಕೊಂಡು ಬ್ಯಾಂಕಿಗೆ ಓಡಿದಾಗ ಕ್ಯಾಶ್ ಕೌಂಟರಿನ ಮುಂದೆ ಸಾಲು ಬಾಗಿಲಾಚೆ ಹೋಗಿತ್ತು. ನಮ್ಮ ನಿದ್ದೆಯಲ್ಲಿ ದೋಷ ಇರಲಿಲ್ಲ. ಎಬ್ಬಿಸುವವ ಇಲ್ಲವಾಗಿದ್ದ. ಕಂಪ್ಯೂಟರಿನ ಈ ಕಥೆಯಲ್ಲೂ ಹೆಚ್ಚಿನ ರಗಳೆ ಅಲ್ಲೇ ಆಗಿದೆ.

ಸರಿ, ಕಥೆ ಮೊದಲಿನಿಂದ ಹೇಳುತ್ತೇನೆ.

1978ರಲ್ಲಿ ಇಂಟೆಲ್ ಕಂಪನಿ 8086 ಎಂಬ ಪ್ರೊಸೆಸರ್ ತಂದಿತು. ನಮ್ಮ ಇಂದಿನ ಹೆಚ್ಚಿನ ಲ್ಯಾಪ್‌ಟಾಪುಗಳು ಅದರ ಮೊಮ್ಮಕ್ಕಳು. ಅದರ ಆಜ್ಞೆಗಳಲ್ಲಿ 'ಹಾಲ್ಟ್' ಎಂಬುದೊಂದಿತ್ತು. ಅರ್ಥ, ಇಂಟರಪ್ಟ್ ಬರುವ ತನಕ ಸುಮ್ಮನೆ ನಿಲ್ಲು. ಆದರೆ ಆಗ ನಿಂತರೂ ಕರೆಂಟಿನ ಉಳಿತಾಯವೇನೂ ಆಗುತ್ತಿರಲಿಲ್ಲ, ಅದಕ್ಕೆಂದು ಮಾಡಿದ್ದೂ ಅಲ್ಲ. ಡಾಸ್ ಅಂತೂ ಬಹುಕಾಲ ಆ ಆಜ್ಞೆಯನ್ನು ಬಳಸಲಿಲ್ಲ. ಕೆಲಸ ಇಲ್ಲದಾಗ ಅದು 'ಕೀ ಒತ್ತಿದರಾ, ಕೀ ಒತ್ತಿದರಾ' ಎಂದು ಕೇಳುತ್ತಾ ಗಾಣದ ಎತ್ತಿನಂತೆ ಸುತ್ತುತ್ತಿತ್ತು.

ನಮ್ಮ ಬ್ಯಾಂಕುಗಳಿಗೆ ಯಂತ್ರ ಬಂದ ಕಾಲವೂ ಅದೇ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರತೊಡಗಿದವು. ನಾನು ಸೇರಿದಾಗ ನಮ್ಮ ಶಾಖೆಯಲ್ಲಿ ಎರಡು ಪಿ.ಸಿ. ಇದ್ದವು, ಅವಕ್ಕಾಗಿಯೇ ಏಸಿ ಕೋಣೆ. ಬೆವರು ಒರೆಸಿಕೊಂಡು ನಾವು ಊಟಕ್ಕೆ ಅಲ್ಲಿಗೆ ನುಗ್ಗುತ್ತಿದ್ದೆವು. ಊಟದ ವೇಳೆಯಲ್ಲಿ ಒಂದು ಎಂಟ್ರಿಯೂ ಇಲ್ಲದಿದ್ದಾಗ ಆ ಯಂತ್ರಗಳು ತಮ್ಮ ಪೂರ್ತಿ ವೇಗದಲ್ಲಿ ಏನೂ ಮಾಡದೆ ಓಡುತ್ತಿದ್ದವು ಎಂದು ತಿಳಿದದ್ದು ಮೂವತ್ತು ವರ್ಷದ ನಂತರ.

ಹಾಲ್ಟ್ ಎಂದರೆ ನಿಜವಾಗಿ ಕರೆಂಟು ಉಳಿಸುವ ವ್ಯವಸ್ಥೆ ಬಂದದ್ದು 1994ರಲ್ಲಿ, ಇಂಟೆಲ್‌ನ ಡಿಎಕ್ಸ್4 ಎಂಬ 486 ಪ್ರೊಸೆಸರಿನಿಂದ. ಹಾಗೆ ಬಂದ ಮೇಲೂ 1995ರ ವಿಂಡೋಸ್ ತಾನಾಗಿ ಅದನ್ನು ಬಳಸುತ್ತಿರಲಿಲ್ಲ. ಪ್ರೊಸೆಸರ್ ತಣ್ಣಗಿರಲಿ ಎಂದು ಜನ 'ರೇನ್', 'ಸಿಪಿಯು ಐಡಲ್' ಎಂಬಂಥ ಚಿಕ್ಕ ಪ್ರೋಗ್ರಾಮುಗಳನ್ನು ಹಾಕಿಕೊಳ್ಳುತ್ತಿದ್ದರು. ಅವು ಮಾಡುತ್ತಿದ್ದದ್ದು ಇಷ್ಟೆ, ಕೆಲಸವಿಲ್ಲದಾಗ ಹಾಲ್ಟ್ ಎನ್ನುವುದು.

ಲಿನಕ್ಸ್ ಮಾತ್ರ ಶುರುವಿನ ವರ್ಷಗಳಲ್ಲೇ ಹಾಲ್ಟ್ ಬಳಸಿತು. ನಿದ್ದೆಗೆ ಸಂಬಂಧಪಟ್ಟ ಬೂಟ್ ಹ್ಯಾಂಗಿನ ಹಳೆಯ ದಾಖಲೆಗಳು ಸಿಗುವುದೂ ಅಲ್ಲೇ. 486ರ ನೂರು ಮೆಗಾಹರ್ಟ್ಸ್‌ನ ಮೊದಮೊದಲ ಕೆಲವು ಚಿಪ್ಪುಗಳು ಹಾಲ್ಟ್ ಎಂದರೆ ನಿಲ್ಲುತ್ತಿದ್ದವು, ಆದರೆ ಪ್ರತಿ ಸಲವೂ ಮತ್ತೆ ಏಳುತ್ತವೆ ಎಂಬ ಭರವಸೆ ಇರಲಿಲ್ಲ. ಅದಕ್ಕಾಗಿ ಲಿನಕ್ಸ್ ಬೂಟ್ ಆಗುವಾಗಲೇ ಒಂದು ಪರೀಕ್ಷೆ ಇಟ್ಟರು. ತೆರೆಯ ಮೇಲೆ 'ಹಾಲ್ಟ್ ಆಜ್ಞೆ ಪರೀಕ್ಷಿಸುತ್ತಿದ್ದೇನೆ' ಎಂಬ ಅರ್ಥದ ಸಾಲು ಮೂಡುತ್ತದೆ, ಪ್ರೊಸೆಸರ್ ಒಂದರ ಹಿಂದೊಂದು ನಾಲ್ಕು ಸಲ ಮಲಗಿ ಏಳುತ್ತದೆ, ಎದ್ದರೆ ಅದೇ ಸಾಲಿನ ಕೊನೆಗೆ 'ಓಕೆ' ಬೀಳುತ್ತದೆ. ಓಕೆ ಬೀಳದೆ ಯಂತ್ರ ನಿಂತಿತೇ? ಹಾಗಾದರೆ ರೋಗ ಏನೆಂದು ಗೊತ್ತಾಯಿತು, ಮುಂದಿನ ಸಲ 'ನೋ-ಹಾಲ್ಟ್' ಎಂದು ಬರೆದು ಬೂಟ್ ಮಾಡಿ. ಯಂತ್ರ ಮಲಗದೆ ಗಾಣ ಸುತ್ತುತ್ತಾ ಇರುತ್ತದೆ.

ಈ ಉಪಾಯ ನನಗೆ ಬಹಳ ಹಿಡಿಸಿತು. ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ನೋಡುವವನಿಗೆ ಕಾಣುವ ಹಾಗೆ, ಅಪಾಯದ ಕೆಲಸಕ್ಕೆ ಮೊದಲು ಅದರ ಹೆಸರನ್ನು ಬರೆದುಬಿಡುವುದು. ನಾವು ವೋಲ್ಟ್ ತೆರೆಯುವ ಮುನ್ನ ರಿಜಿಸ್ಟರಿನಲ್ಲಿ ವೇಳೆ ಬರೆಯುವ ಹಾಗೆ. 'ನೋ-ಹಾಲ್ಟ್' ಎಂಬುದನ್ನು ಲಿನಕ್ಸಿನಿಂದ ತೆಗೆದದ್ದು 2013ರಲ್ಲಿ, ಅಷ್ಟರಲ್ಲಿ ಅದರ ಕಾಲ ಮುಗಿದು ಹೋಗಿತ್ತು.

ಮುಂದಿನ ಘಟ್ಟ ಲ್ಯಾಪ್‌ಟಾಪಿನದು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ಪದ್ಧತಿ ಮಾಡಿದವು. ಅದರಲ್ಲಿ ಯಜಮಾನಿಕೆ ಹೆಚ್ಚಾಗಿ ಬಯೋಸಿನದು, ಅಂದರೆ ಯಂತ್ರ ತಯಾರಿಸಿದವರು ಮದರ್‌ಬೋರ್ಡಿನಲ್ಲೇ ಬರೆದಿಟ್ಟ ಪ್ರೋಗ್ರಾಮಿನದು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಮೂವರೂ ಸೇರಿ ಎಸಿಪಿಐ ಎಂಬ ಹೊಸ ಕರಾರು ಹೊರಡಿಸಿದರು. ಇದರಲ್ಲಿ ಯಜಮಾನಿಕೆ ಆಪರೇಟಿಂಗ್ ಸಿಸ್ಟಮಿಗೆ ಬಂತು. ಆದರೆ ಯಂತ್ರದಲ್ಲಿ ಏನೇನಿದೆ ಎಂಬ ಪಟ್ಟಿ ಕೊಡುವವನು ಬಯೋಸ್.

ನಿದ್ದೆಯ ಮೆಟ್ಟಿಲುಗಳಿಗೆ ಹೆಸರು ಬಂದದ್ದೂ ಈ ಕರಾರಿನಿಂದಲೇ. ಸಿ0 ಎಂದರೆ ಎಚ್ಚರ. ಸಿ1 ಎಂದರೆ ನಮ್ಮ ಹಳೆಯ ಹಾಲ್ಟ್, ಕುರ್ಚಿಯಲ್ಲೇ ತೂಕಡಿಸಿದ ಹಾಗೆ. ಸಿ2 ಸ್ವಲ್ಪ ಗಾಢ. ಸಿ3 ಇನ್ನೂ ಗಾಢ, ಅಲ್ಲಿ ಪ್ರೊಸೆಸರ್ ತನ್ನ ಕ್ಯಾಶ್ ಮೆಮೊರಿಯ ಕಡೆಗೂ ಗಮನ ಕೊಡುವುದಿಲ್ಲ. (ಕ್ಯಾಶ್ ಎಂದರೆ ನಮ್ಮ ಕೌಂಟರಿನದಲ್ಲ, ಪ್ರೊಸೆಸರ್ ಪಕ್ಕದಲ್ಲಿಟ್ಟುಕೊಳ್ಳುವ ನೆನಪಿನ ಡಬ್ಬಿ!) ಕೆಳಗೆ ಇಳಿದಷ್ಟೂ ಉಳಿತಾಯ ಹೆಚ್ಚು, ಏಳಲು ಹಿಡಿಯುವ ಸಮಯವೂ ಹೆಚ್ಚು. ಕರಾರಿನ ಪ್ರಕಾರ ಏಳಲು 100 ಮೈಕ್ರೊಸೆಕೆಂಡ್‌ಗಿಂತ ಹೆಚ್ಚು ಬೇಕಾದರೆ ಅದನ್ನು ಸಿ2 ಎಂದು ಒಪ್ಪುವುದಿಲ್ಲ, 1000 ಮೈಕ್ರೊಸೆಕೆಂಡ್‌ಗಿಂತ ಹೆಚ್ಚಾದರೆ ಸಿ3 ಎಂದು ಒಪ್ಪುವುದಿಲ್ಲ.

ಪಟ್ಟಿ ಕೊಡುವವನ ಮಾತನ್ನೇ ನಂಬಬೇಕು ಎಂದಾಗ ಏನಾಗುತ್ತದೆ ಎಂದು ಸಾಲದ ಅರ್ಜಿ ನೋಡಿದವರಿಗೆ ಗೊತ್ತು. ಕೆಲವು ಯಂತ್ರಗಳ ಬಯೋಸ್ 'ಸಿ2 ಇದೆ, ಸಿ3 ಇದೆ' ಎಂದು ಬರೆದುಕೊಟ್ಟಿರುತ್ತಿತ್ತು, ಇಳಿದರೆ ಯಂತ್ರ ಏಳುತ್ತಿರಲಿಲ್ಲ. ಹಾಗಾಗಿ ಲಿನಕ್ಸಿನವರು ತಮ್ಮದೇ ಒಂದು ಪಟ್ಟಿ ಇಟ್ಟುಕೊಂಡರು. ಬೂಟ್ ಆಗುವಾಗ ಯಂತ್ರದ ಹೆಸರು ನೋಡುವುದು, ಪಟ್ಟಿಯಲ್ಲಿದ್ದರೆ 'ನಿನಗೆ ಸಿ1 ಸಾಕು' ಎನ್ನುವುದು. ಐಬಿಎಮ್‌ನ ಥಿಂಕ್‌ಪ್ಯಾಡ್ ಆರ್40ಇ ಎಂಬ ಮಾಡೆಲ್ ಆ ಪಟ್ಟಿಯಲ್ಲಿತ್ತು. ಸಿ2, ಸಿ3ಕ್ಕೆ ಹೋದಾಗ ಅದು ಕಾರಣ ಗೊತ್ತಿಲ್ಲದೆ ಬೀಳುತ್ತದೆ, ಸದ್ಯಕ್ಕೆ ತಡೆದಿದ್ದೇವೆ ಎಂಬರ್ಥದ ಟಿಪ್ಪಣಿಯೂ ಅದರ ಪಕ್ಕದಲ್ಲಿತ್ತು.

ಇನ್ನು ಹೇಳುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ, 2007ರದು.

ಕಂಪ್ಯೂಟರಿನೊಳಗೆ ಒಂದು ಗಂಟೆ ಸದಾ ಬಾರಿಸುತ್ತಿರುತ್ತದೆ, ಅದನ್ನು ಟಿಕ್ ಎನ್ನುತ್ತಾರೆ. ನಮ್ಮ ಸಾಮಾನ್ಯ ಪಿ.ಸಿ.ಯ ಲಿನಕ್ಸಿನಲ್ಲಿ ಬಹುಕಾಲ ಅದು ಸೆಕೆಂಡಿಗೆ 100 ಸಲ ಬಾರಿಸುತ್ತಿತ್ತು. 2003ರ ಕೊನೆಗೆ ಬಂದ 2.6 ಆವೃತ್ತಿಯಲ್ಲಿ ಅದನ್ನು 1000 ಮಾಡಿದರು. 2005ರಲ್ಲಿ 250ಕ್ಕೆ ಇಳಿಸಿದರು. ಸೆಕೆಂಡಿಗೆ ಸಾವಿರ ಸಲ ಬಾಗಿಲು ಬಡಿದರೆ ಯಾರಿಗೆ ನಿದ್ದೆ ಹತ್ತೀತು? ಅದಕ್ಕೆ ಥಾಮಸ್ ಗ್ಲೈಕ್ಸ್‌ನರ್, ಇಂಗೋ ಮೋಲ್ನಾರ್ ಮೊದಲಾದವರು ಸೇರಿ ಕೆಲಸ ಇಲ್ಲದಾಗ ಗಂಟೆಯನ್ನೇ ನಿಲ್ಲಿಸುವ ವ್ಯವಸ್ಥೆ ಮಾಡಿದರು. ಮುಂದಿನ ಕೆಲಸ ಯಾವಾಗ ಎಂದು ನೋಡಿ ಅಷ್ಟು ಹೊತ್ತಿಗೆ ಅಲಾರಾಂ ಇಟ್ಟು ಮಲಗುವುದು. 2007ರ ಏಪ್ರಿಲ್‌ನಲ್ಲಿ ಬಂದ 2.6.21 ಆವೃತ್ತಿಯಲ್ಲಿ ಇದು ಸೇರಿತು.

ಅದೇ ಹೊತ್ತಿಗೆ ಎಎಂಡಿ ಕಂಪನಿಯ ಎರಡು ಕೋರಿನ ಪ್ರೊಸೆಸರುಗಳಿದ್ದ ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಚಿತ್ರ ದೂರು ಬರತೊಡಗಿತು. ಬೂಟ್ ಆಗುವಾಗ ಯಂತ್ರ ನಿಲ್ಲುತ್ತದೆ. ಯಾವುದಾದರೂ ಕೀ ಒತ್ತಿದರೆ ಸ್ವಲ್ಪ ಮುಂದೆ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಮತ್ತೆ ಒತ್ತಬೇಕು. ಕೀ ಒತ್ತುತ್ತಾ ಒತ್ತುತ್ತಾ ಯಂತ್ರವನ್ನು ಘಾಟಿ ಹತ್ತಿಸಿದ ಹಾಗೆ ಬೂಟ್ ಮಾಡಿಸಿದವರಿದ್ದಾರೆ!

ರೋಗ ಪತ್ತೆಯಾದದ್ದು ಆ ಕೀ ಒತ್ತುವಿಕೆಯಿಂದಲೇ. ಕೀ ಒತ್ತಿದರೆ ಏಳುತ್ತದೆ ಎಂದರೆ ಪ್ರೊಸೆಸರ್ ಸತ್ತಿಲ್ಲ, ಇಂಟರಪ್ಟ್ ಬಂದರೆ ಏಳಲು ಸಿದ್ಧವಿದೆ. ಹಾಗಾದರೆ ಬರಬೇಕಾದ ಅಲಾರಾಂ ಬರುತ್ತಿಲ್ಲ. ಏಕೆ ಬರುತ್ತಿಲ್ಲ? ಆ ಪ್ರೊಸೆಸರುಗಳಲ್ಲಿ ಸಿ1ಇ ಎಂಬ ಸೌಲಭ್ಯವಿತ್ತು. ಎರಡೂ ಕೋರುಗಳು ಹಾಲ್ಟ್ ಎಂದು ನಿಂತರೆ ಚಿಪ್ಪು ತಾನಾಗಿಯೇ ಇನ್ನೂ ಆಳಕ್ಕೆ ಇಳಿಯುತ್ತಿತ್ತು, ಆಪರೇಟಿಂಗ್ ಸಿಸ್ಟಮನ್ನು ಕೇಳದೆ. ಹಾಗೆ ಇಳಿದಾಗ ಪ್ರೊಸೆಸರಿನ ಒಳಗಿದ್ದ ಅಲಾರಾಂ ಗಡಿಯಾರವೂ ನಿಲ್ಲುತ್ತಿತ್ತು. ಎಬ್ಬಿಸಬೇಕಾದವನೇ ಮಲಗಿದ. ಹಳೆಯ ಲಿನಕ್ಸಿನಲ್ಲಿ ಹೊರಗಿನ ಗಂಟೆ ಸದಾ ಬಾರಿಸುತ್ತಿದ್ದುದರಿಂದ ಈ ತೊಂದರೆ ಮುಚ್ಚಿಹೋಗಿತ್ತು. ಗಂಟೆ ನಿಲ್ಲಿಸಿದ ಕೂಡಲೇ ಹೊರಬಿತ್ತು. ಕಿಸನ್ ನಗರದ ನಮ್ಮ ಖೋಲಿಯಲ್ಲಿ ಆದದ್ದೂ ಇದೇ ಅಲ್ಲವೇ? ನಾವು ಸ್ವಂತ ಗಡಿಯಾರ ಸರಿ ಇದೆಯೋ ಇಲ್ಲವೋ ಎಂದು ವರ್ಷಗಟ್ಟಲೆ ನೋಡಿರಲೇ ಇಲ್ಲ, ಭೋಂಗಾ ಇತ್ತಲ್ಲ.

ಪರಿಹಾರವೂ ಸರಳ. ಸಿ1ಇ ಚಾಲೂ ಇದೆಯೇ ಎಂದು ಪ್ರೊಸೆಸರಿನ ಒಂದು ರಿಜಿಸ್ಟರ್ ಓದಿ ನೋಡುವುದು, ಇದ್ದರೆ ಒಳಗಿನ ಗಡಿಯಾರವನ್ನು ನಂಬದೆ ಮದರ್‌ಬೋರ್ಡಿನ ಮೇಲಿರುವ ಹೊರಗಿನ ಗಡಿಯಾರಕ್ಕೆ ಎಬ್ಬಿಸುವ ಕೆಲಸ ಒಪ್ಪಿಸುವುದು.

ಅದೇ 2007ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡನೆಯಾಯಿತು. ವಿಷಯ ಸಿಪಿಯು ಐಡಲ್, ಶೀರ್ಷಿಕೆಯ ಅರ್ಥ 'ಏನೂ ಮಾಡಬೇಡಿ, ಆದರೆ ದಕ್ಷವಾಗಿ'. ಬರೆದವರು ವೆಂಕಟೇಶ್ ಪಳ್ಳಿಪಾಡಿ, ಶಾವೊಹುವಾ ಲೀ, ಆಡಂ ಬಿಲೇ. ಮೊದಲ ಹೆಸರು ಓದಿ ಕರಾವಳಿಯವನಾದ ನನ್ನ ಕಿವಿ ನಿಮಿರಿತು! ಯಾವ ಮೆಟ್ಟಿಲಿಗೆ ಇಳಿಯಬೇಕು ಎಂದು ತೀರ್ಮಾನಿಸುವ ಕೆಲಸವನ್ನೂ, ಇಳಿಯುವ ಕೆಲಸವನ್ನೂ ಇವರು ಬೇರೆ ಬೇರೆ ಮಾಡಿದರು. ತೀರ್ಮಾನಕ್ಕೆ ಎರಡು ದಾರಿ. 'ಏಣಿ' ಎಂಬುದು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. 'ಮೆನು' ಎಂಬುದು ಎಷ್ಟು ಹೊತ್ತು ನಿದ್ದೆ ಸಿಕ್ಕೀತು ಎಂದು ಅಂದಾಜು ಮಾಡಿ ನೇರವಾಗಿ ತಕ್ಕ ಮೆಟ್ಟಿಲನ್ನೇ ಆರಿಸುತ್ತದೆ. 2008ರ ಜನವರಿಯಲ್ಲಿ ಬಂದ 2.6.24ರಲ್ಲಿ ಇದು ಸೇರಿತು.

ಹೊರಗಿನ ಗಡಿಯಾರವೇ ಇಲ್ಲದ ಯಂತ್ರ ಬಂದರೆ? ಐಬಿಎಮ್‌ನ ಪವರ್ ಸರ್ವರುಗಳಲ್ಲಿ ಹೀಗೇ ಇತ್ತು. 2014ರಲ್ಲಿ ಗ್ಲೈಕ್ಸ್‌ನರ್ ಮತ್ತು ಐಬಿಎಮ್‌ನ ಪ್ರೀತಿ ಯು. ಮೂರ್ತಿ ಇದಕ್ಕೊಂದು ದಾರಿ ಮಾಡಿದರು. ಇರುವ ಪ್ರೊಸೆಸರುಗಳಲ್ಲೇ ಒಂದು ಗಾಢ ನಿದ್ದೆಗೆ ಹೋಗಬಾರದು, ಅದು ಉಳಿದವರನ್ನು ಎಬ್ಬಿಸಬೇಕು. ಯಾವುದು? ಯಾರಿಗೆ ಎಲ್ಲರಿಗಿಂತ ಬೇಗ ಏಳುವುದಿದೆಯೋ ಅದು. ನಮ್ಮ ಖೋಲಿಯಲ್ಲಿ ಭೋಂಗಾ ನಿಂತ ಮೇಲೆ ನಾವು ಮಾಡಿಕೊಂಡ ಏರ್ಪಾಡೂ ಅಕ್ಷರಶಃ ಇದೇ. ಮೊದಲ ಪಾಳಿ ಯಾರದ್ದೋ ಅವನ ತಲೆದಿಂಬಿನ ಹತ್ತಿರ ಅಲಾರಾಂ, ಎದ್ದವನು ಉಳಿದವರನ್ನು ಒದೆಯಬೇಕು.

ಇಷ್ಟೆಲ್ಲ ಆದ ಮೇಲೆ ಸಮಸ್ಯೆ ಮುಗಿಯಿತು ಅಂದುಕೊಳ್ಳಬೇಡಿ. 2013ರಲ್ಲಿ ಬಂದ ಇಂಟೆಲ್‌ನ ಬೇ ಟ್ರೇಲ್ ಎಂಬ ಅಗ್ಗದ ಪ್ರೊಸೆಸರುಗಳ ಯಂತ್ರಗಳು ಲಿನಕ್ಸಿನಲ್ಲಿ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತಿದ್ದವು. 2015ರ ಡಿಸೆಂಬರಿನಲ್ಲಿ ಲಿನಕ್ಸಿನ ದೂರು ಪುಸ್ತಕದಲ್ಲಿ 109051ನೇ ನಂಬರಿನ ದೂರು ದಾಖಲಾಯಿತು. ಇಂಟೆಲ್ ಐಡಲಿನ ಮ್ಯಾಕ್ಸ್ ಸಿ-ಸ್ಟೇಟ್ 1 ಎಂದು ಬರೆದರೆ ಹ್ಯಾಂಗ್ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಆದರೆ ಅದು ಔಷಧವಲ್ಲ, ಆಳವಾದ ನಿದ್ದೆ ಕೈಬಿಟ್ಟು ಬದುಕುವುದು, ಅಷ್ಟೆ. ಬ್ಯಾಟರಿ ಬೇಗ ಖಾಲಿ. ಆ ದೂರಿನ ಮಾತು ವರ್ಷಗಟ್ಟಲೆ ನಡೆಯಿತು. 2017ರಲ್ಲಿ ಎಎಂಡಿಯ ರೈಜನ್ ಬಂದಾಗಲೂ ಕೆಲವರ ಯಂತ್ರಗಳು ಸುಮ್ಮನಿದ್ದಾಗಲೇ ನಿಂತುಬಿಡುತ್ತಿದ್ದವು. ಗಾಢ ನಿದ್ದೆಯಲ್ಲಿ ಪ್ರೊಸೆಸರ್ ಎಳೆಯುವ ಕರೆಂಟು ಎಷ್ಟು ಕಡಿಮೆಯೆಂದರೆ ಕೆಲವು ಹಳೆಯ ಪವರ್ ಸಪ್ಲೈಗಳಿಗೆ ಅದು ಒಗ್ಗುತ್ತಿರಲಿಲ್ಲ. ಅದಕ್ಕಾಗಿ ಬಯೋಸಿನಲ್ಲೇ 'ಸಾಮಾನ್ಯ ಕರೆಂಟು ಇರಲಿ' ಎಂಬ ಆಯ್ಕೆ ಕೊಟ್ಟರು.

ಬ್ಯಾಂಕಿನವರಿಗೆ ಸಸ್ಪೆನ್ಸ್ ಖಾತೆ ಗೊತ್ತು. ಯಾವ ತಲೆಬರಹಕ್ಕೆ ಸೇರಿಸಬೇಕೆಂದು ತಿಳಿಯದ ಎಂಟ್ರಿಯನ್ನು ದಿನದ ಲೆಕ್ಕ ಮುಗಿಯಲಿ ಎಂದು ಅಲ್ಲಿ ಹಾಕಿಡುತ್ತೇವೆ. ತಪ್ಪಲ್ಲ. ಆದರೆ ಅದನ್ನು ಹುಡುಕಿ ಸರಿ ಮಾಡದೆ ವರ್ಷಾನುಗಟ್ಟಲೆ ಬಿಟ್ಟರೆ ತಪ್ಪು. ಸಿ1ರಲ್ಲೇ ನಿಲ್ಲಿಸುವುದೂ ಇಂಥದ್ದೇ ಒಂದು ಎಂಟ್ರಿ ಎಂದು ನನ್ನ ತಿಳುವಳಿಕೆ.

ಇನ್ನು ನನ್ನ ಲ್ಯಾಪ್‌ಟಾಪಿಗೆ ಆದ ಚಿಕಿತ್ಸೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ಕ್ರಮವಾಗಿ ಬರೆಯುತ್ತೇನೆ.

ಲಿನಕ್ಸ್ ಹಚ್ಚುವಾಗ ಮೊದಲು ಗ್ರಬ್ ಎಂಬ ಮೆನು ಬರುತ್ತದೆ. ಅಲ್ಲಿ 'ಇ' ಅಕ್ಷರ ಒತ್ತಿದರೆ ಬೂಟ್ ಸಾಲು ತಿದ್ದಬಹುದು. ತಿದ್ದಿದ್ದು ಆ ಒಂದು ಸಲಕ್ಕೆ ಮಾತ್ರ, ಆದ್ದರಿಂದ ಭಯವಿಲ್ಲ. ಅಕ್ಕನ ಮಗ ಮೊದಲು 'ಕ್ವಯೆಟ್' ಎಂಬ ಪದ ಅಳಿಸಿದ, ಯಂತ್ರ ಏನು ಮಾಡುತ್ತಿದೆ ಎಂದು ಪೂರ್ತಿ ಕಾಣಲಿ ಎಂದು. ನಂತರ 'ಐಡಲ್=ಪೋಲ್' ಎಂದು ಬರೆದ. ಅಂದರೆ ಸ್ವಲ್ಪವೂ ಮಲಗಬೇಡ. ಚಾರ್ಜರ್ ಕಿತ್ತು ಹಚ್ಚಿದೆವು, ಎದ್ದಿತು! ಮೂರು ಸಲ ಮಾಡಿದೆವು, ಮೂರು ಸಲವೂ ಎದ್ದಿತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರೋಗ ನಿದ್ದೆಯದೇ ಎಂದು ಖಾತ್ರಿಯಾಯಿತು. ಅದನ್ನು ಅಳಿಸಿ 'ಪ್ರೊಸೆಸರ್ ಮ್ಯಾಕ್ಸ್ ಸಿ-ಸ್ಟೇಟ್ 1' ಎಂದು ಕೊಟ್ಟೆವು, ಎದ್ದಿತು. 2 ಎಂದು ಕೊಟ್ಟೆವು, ಎದ್ದಿತು. 3 ಎಂದಾಗ ನಿಂತಿತು. ರೋಗದ ವಿಳಾಸ ಸಿಕ್ಕಿತು.

ಇಲ್ಲೊಂದು ಮೋಸವಿದೆ, ಜಾಗ್ರತೆ. ಇಂಟೆಲ್ ಪ್ರೊಸೆಸರುಗಳಿಗೆಂದೇ 2010ರಿಂದ ಲಿನಕ್ಸಿನಲ್ಲಿ 'ಇಂಟೆಲ್ ಐಡಲ್' ಎಂಬ ಬೇರೆ ಡ್ರೈವರ್ ಇದೆ. ಅದರ ಮ್ಯಾಕ್ಸ್ ಸಿ-ಸ್ಟೇಟ್ 0 ಎಂದು ಕೊಟ್ಟರೆ ನಿದ್ದೆ ನಿಲ್ಲುತ್ತದೆ ಎಂದು ಅನೇಕರು ತಿಳಿಯುತ್ತಾರೆ. ನಿಲ್ಲುವುದು ಆ ಡ್ರೈವರ್ ಮಾತ್ರ. ಕೆಲಸ ಹಳೆಯ ಎಸಿಪಿಐ ಡ್ರೈವರಿಗೆ ಹೋಗುತ್ತದೆ, ಅದು ಬಯೋಸಿನ ಪಟ್ಟಿ ನೋಡಿ ಮತ್ತೆ ಆಳಕ್ಕೆ ಇಳಿಸಬಹುದು. 'ಸೊನ್ನೆ ಕೊಟ್ಟರೂ ಹ್ಯಾಂಗ್ ಆಗುತ್ತದೆ, ಹಾಗಾದರೆ ನಿದ್ದೆಯ ರೋಗವಲ್ಲ' ಎಂದು ತಪ್ಪು ದಾರಿ ಹಿಡಿಯಬೇಡಿ. ಎರಡನ್ನೂ ಸೇರಿಸಿ ಪರೀಕ್ಷೆ ಮಾಡಬೇಕು.

ಮ್ಯಾಕ್ಸ್ 2 ಎಂದು ಖಾಯಂ ಬರೆದು ಮಹಾಸಭೆ ಮುಗಿಸಿದೆವು. ಲೆಕ್ಕ ಓದಿದೆ, ಪಾಸಾಯಿತು, ಇಡ್ಲಿ ಕಾಫಿ ಆಯಿತು. ಆಮೇಲೆ ಅದನ್ನು ಹಾಗೆಯೇ ಬಿಟ್ಟಿದ್ದೆ. ಯಂತ್ರ ನಡೆಯುತ್ತಿದೆಯಲ್ಲ, ಇನ್ನೇನು? ದೀಪಾವಳಿಗೆ ಬಂದ ಹುಡುಗ ಕೇಳಿದ, "ಮಾವ, ಆ ಸಾಲು ಇನ್ನೂ ಇದೆಯಾ? ನೀವೇ ಅಲ್ಲವಾ ಸಸ್ಪೆನ್ಸ್‌ನಲ್ಲಿ ಬಾಕಿ ಇಟ್ಟವರಿಗೆ ಬೈಯುವುದು?"

ನನಗೆ ಉತ್ತರ ಇರಲಿಲ್ಲ. ಕುಳಿತು ನೋಡಿದೆವು. ತಯಾರಕರು ಬಯೋಸಿನ ಹೊಸ ಆವೃತ್ತಿ ಕೊಟ್ಟು ಎಷ್ಟೋ ದಿನವಾಗಿತ್ತು, ನಾವೇ ಹಾಕಿರಲಿಲ್ಲ. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ಪೂರ್ತಿ ತುಂಬಿಸಿ (ಬಯೋಸ್ ಬದಲಿಸುವಾಗ ನಡುವೆ ಆರಿದರೆ ಯಂತ್ರ ಮತ್ತೆ ಏಳಲಿಕ್ಕಿಲ್ಲ), ಪೂರ್ತಿ ಫೈಲುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬದಲಿಸಿದೆವು. ಬೂಟ್ ಸಾಲಿನಿಂದ ಮ್ಯಾಕ್ಸ್ ಸಿ-ಸ್ಟೇಟ್ ಅಳಿಸಿದೆವು. ಚಾರ್ಜರ್ ಕಿತ್ತು ಹಚ್ಚಿದಾಗ ಎದೆ ಡವಡವ. ಎದ್ದಿತು. ಒಂದು ಸಲಕ್ಕೆ ನಂಬುವ ಜನ ನಾವಲ್ಲ, ವಾರವಿಡೀ ಬೆಳಿಗ್ಗೆ ಸಂಜೆ ಬ್ಯಾಟರಿ ಮೇಲೆ ಹಚ್ಚಿ ಬರೆದೆ. ಹದಿನಾಲ್ಕು ಸಾಲು 'ಎದ್ದಿತು'. ಅದರ ಕೆಳಗೆ ಅಡ್ಡಗೆರೆ ಎಳೆದು ಸಹಿ ಮಾಡಿದ್ದೇನೆ, ಅಭ್ಯಾಸಬಲ!

ಆ ಲ್ಯಾಪ್‌ಟಾಪ್ ಈಗಲೂ ವಾಚನಾಲಯದ ಮೇಜಿನ ಮೇಲಿದೆ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ. 'ಆಮೇಲೆ ಸುಮ್ಮನೆ ಕೂತಿರುತ್ತೇನೆ' ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಯಂತ್ರಕ್ಕೆ ಸುಮ್ಮನಿರುವುದನ್ನು ಕಲಿಸಲು ಇಷ್ಟು ಜನ ಇಷ್ಟು ವರ್ಷ ಒದ್ದಾಡಿದ್ದಾರೆ ಎಂದು ಓದಿದ ಮೇಲೆ ಆ ಮಾತು ಕಡಿಮೆ ಮಾಡಿದ್ದೇನೆ. ನಿಮ್ಮ ಮನೆಯ ಯಂತ್ರವೂ ಹೀಗೆ ನಿಲ್ಲುತ್ತಿದ್ದರೆ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಚಾರ್ಜರಿನ ಕಾಲಂ ಮರೆಯಬೇಡಿ. ಹಾಗೆಯೇ ವಾಗ್ಳೆ ಎಸ್ಟೇಟಿನ ಭೋಂಗಾ ಕೇಳಿ ಎದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಎರಡು ಸಾಲು ಬರೆಯಿರಿ.